ಬಾಡ್‌ಹೂವೆಡಾರ್ಪಿನಲ್ಲಿ ಜೈಸಲ್ಮೇರಿನ ಮೆಟ್ಟಿಲು

ನಮ್ಮ ಹಿತ್ತಲಿನ ಮೆಟ್ಟಿಲುಗಳಿಗೆ ನಾನು ಕೊಟ್ಟ ಬೆಲೆ ಒಂದು ಕಾರು ನಿಲ್ಲಿಸುವಷ್ಟು ನೆಲ. ಕಲ್ಲಿಗೆ ಕಾಸು ಬಿಚ್ಚಲಿಲ್ಲ. ಜೈಸಲ್ಮೇರಿನಿಂದ ಬಂದ ಕಂಟೇನರಿನಲ್ಲಿ ಮೂಲೆ ಒಡೆದು, ಗಿರಾಕಿಗೆ ಕೊಡಲಾಗದೆ ಉಳಿದ ಹಳದಿ ಚಪ್ಪಡಿಗಳವು. ಕೂಲಿಯೂ ಕೊಡಲಿಲ್ಲ, ಒಂದು ಹಂಡೆ ಬಿರಿಯಾನಿಯಲ್ಲಿ ಮುಗಿಯಿತು. ಆದರೆ ಹಾಲೆಂಡಿನಲ್ಲಿ, ಅದೂ ವಿಮಾನ ನಿಲ್ದಾಣದ ಮಗ್ಗುಲಿನ ಬಾಡ್‌ಹೂವೆಡಾರ್ಪಿನಲ್ಲಿ, ಕಾರು ನಿಲ್ಲಿಸುವಷ್ಟು ನೆಲ ಎಂದರೆ ಏನು ಎಂಬುದನ್ನು ಇಲ್ಲಿ ಮನೆ ಹುಡುಕಿದವರನ್ನು ಕೇಳಿ. ಆ ನೆಲವನ್ನು ನಾನು ನೀರಿಗೆ ಬಿಟ್ಟುಕೊಟ್ಟೆ. ನನ್ನ ತಾಯಿ, ಅಮ್ಮಿ, ಕೂರಲು ಒಂದು ಜಾಗ ಬೇಕಿತ್ತು, ಅದಕ್ಕೆ. ಇಷ್ಟು ವರ್ಷದ ಚೌಕಾಸಿಯಲ್ಲಿ, ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟು ಹಗುರಾಗಿ ಎದ್ದು ಬಂದದ್ದು ಅದೊಂದೇ ಸಲ.

ನಾನು ಕಲ್ಲು ಮಾರುವವಳು. ಹುಟ್ಟಿದ್ದು ಶಹಾಬಾದಿನ ಕಡೆಯ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಗಳ ನಡುವಿನ ಊರಿನಲ್ಲಿ. ನಮ್ಮ ತಂದೆ, ಅಬ್ಬಾ, ಗಣಿಯಲ್ಲಿ ಕಲ್ಲು ಸೀಳುತ್ತಿದ್ದರು. ಗಂಡನ ಕೆಲಸದ ಬೆನ್ನಿಗೆ ಇಲ್ಲಿಗೆ ಬಂದಾಗ ನನ್ನ ಹತ್ತಿರ ಡಿಗ್ರಿ ಇರಲಿಲ್ಲ, ಡಚ್ ಬರುತ್ತಿರಲಿಲ್ಲ. ಬೆರಳಿನ ಗೆಣ್ಣಿನಿಂದ ಕುಟ್ಟಿ ಕಲ್ಲಿನೊಳಗೆ ಬಿರುಕಿದೆಯೋ ಇಲ್ಲವೋ ಹೇಳಲು ಬರುತ್ತಿತ್ತು. ಡಚ್ಚರಿಗೆ ಮನೆಗಿಂತ ಮನೆಯ ಹಿಂದಿನ ತೋಟದ ಮೇಲೆ ಜೀವ. ತೋಟಕ್ಕೆ ಹಾಸಲು ಕಲ್ಲು ಬೇಕು. ಬೇರೆಯವರ ಅಂಗಡಿಯಲ್ಲಿ ಚಪ್ಪಡಿ ಒರೆಸುತ್ತ ಶುರುಮಾಡಿದವಳು, ಈಗ ನನ್ನದೇ ಒಂದು ಕಲ್ಲಿನ ಅಂಗಳ ಇಟ್ಟುಕೊಂಡಿದ್ದೇನೆ.

ಅಮ್ಮಿಯ ವಿಷಯ ಹೇಳಬೇಕೆಂದರೆ ನೀರಿನ ವಿಷಯ ಹೇಳಬೇಕು. ನಮ್ಮೂರಲ್ಲಿ ನೆಲ ಕೆದಕಿದರೆ ಕಲ್ಲು, ಇನ್ನೂ ಕೆದಕಿದರೆ ಇನ್ನೂ ಕಲ್ಲು. ಹಳೇ ಗಣಿಯ ಗುಂಡಿಯಲ್ಲಿ ನಿಂತ ನೀರಿಗೆ ಅಮ್ಮಿ ಕೊಡ ಹೊತ್ತು ಇಳಿಯುತ್ತಿದ್ದಳು. ಆಮೇಲೆ ಬೋರ್‌ವೆಲ್ ಬಂತು, ಅದರ ಮುಂದೆ ಸರದಿ. ಆಮೇಲೆ ಟ್ಯಾಂಕರ್, ಅದರ ಹಿಂದೆ ಓಟ. ಅವಳು ನೀರನ್ನು ನೋಡಿದ್ದೆಲ್ಲ ಕೊಡದ ಬಾಯಿಯ ಅಳತೆಯಲ್ಲೇ.

ಜೈಸಲ್ಮೇರಿಗೆ ಅವಳನ್ನು ಕರೆದುಕೊಂಡು ಹೋಗಿದ್ದು ಪುಣ್ಯಕ್ಕಲ್ಲ, ವ್ಯಾಪಾರಕ್ಕೆ. ಜೊತೆಯಲ್ಲಿ ಒಬ್ಬ ಮುದುಕಿ ಇದ್ದರೆ ಮಾರುವವನು ಸುಳ್ಳು ಹೇಳಲು ಸ್ವಲ್ಪ ಹಿಂಜರಿಯುತ್ತಾನೆ. ಹಳದಿ ಕಲ್ಲು ಕೊಳ್ಳಲು ನಾವು ಹೋದದ್ದು ಮಾಘ ಹುಣ್ಣಿಮೆಯ ಮರಳು ಹಬ್ಬದ ಸಮಯಕ್ಕೆ. ತಪ್ಪು ಲೆಕ್ಕ. ಊರಲ್ಲಿ ಕೋಣೆಗಳ ಬಾಡಿಗೆ ಒಂಟೆಯ ಕತ್ತಿನಷ್ಟು ಮೇಲಕ್ಕೆ ಹೋಗಿತ್ತು. ಆದರೂ ನೋಡಿದೆವು. ಮೀಸೆಯ ಪಂದ್ಯದಲ್ಲಿ ಒಬ್ಬಾತ ಸುರುಳಿ ಬಿಚ್ಚಿ ತನ್ನ ಮೀಸೆಯ ತುದಿಯನ್ನು ಪಕ್ಕದವನ ಕೈಗೆ ಹಿಡಿಯಲು ಕೊಟ್ಟ. ಅಮ್ಮಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಪೇಟ ಸುತ್ತುವ ಪಂದ್ಯ ನಡೆಯಿತು. ಸಿಂಗರಿಸಿದ ಒಂಟೆಗಳು ಓಡಿದವು, ಕೆಲವು ಓಡಲು ಮನಸ್ಸಿಲ್ಲದೆ ನಿಂತವು. ಸಂಜೆ ಮರಳುದಿಬ್ಬದ ಮೇಲೆ ಮಾಂಗಣಿಯಾರರು ಹಾಡಿದರು. ಅವರು ನಮ್ಮಂತೆ ಮುಸಲ್ಮಾನರು, ಹಾಡುವುದು ರಜಪೂತರ ಮನೆಯ ಮದುವೆ, ತೊಟ್ಟಿಲುಗಳಿಗೆ. ಆ ಮನೆಗಳ ವಂಶಾವಳಿಯೆಲ್ಲ ಇವರ ನಾಲಗೆಯ ಮೇಲೆ. ಅಮ್ಮಿಗೆ ಇದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. “ನಮ್ಮೂರಾಗ ಮೊಹರಮ್ಮಿಗಿ ಗೌಡರ ಮನ್ಯಾಗಿನವ್ರು ಪದಾ ಹಾಡಂಗಿಲ್ಲೇನು? ಹಂಗೇ ಇದು,” ಎಂದು ತಲೆದೂಗಿದಳು.

ನಮಗೆ ಕಲ್ಲು ಕೊಟ್ಟವರು ಒಬ್ಬ ಹಿರಿಯ ವ್ಯಾಪಾರಿ. ನಾವು ಅವರನ್ನು ಕಾಕಾ ಎನ್ನುತ್ತಿದ್ದೆವು. ಅವರದು ಹಿಂದಿ, ನಮ್ಮದು ಮನೆಯ ದಖನಿ ಉರ್ದು. ಎರಡೂ ಅರ್ಧ ದಾರಿಯಲ್ಲಿ ಸಿಗುತ್ತಿದ್ದವು. ಎರಡು ದಿನ ದರ ಹಗ್ಗಜಗ್ಗಾಡಿ ಕೊನೆಗೆ ಕೈ ಕುಲುಕಿದ ಮೇಲೆ, ಸೋತವರಂತೆ ಮುಖ ಮಾಡಿಕೊಂಡು, “ನಡೀರಿ, ಊರು ತೋರಿಸುತ್ತೇನೆ. ಇದಕ್ಕೆ ದರ ಇಲ್ಲ,” ಎಂದರು.

ಕೋಟೆಯೊಳಗೆ ಜನ ಇವತ್ತಿಗೂ ವಾಸವಾಗಿದ್ದಾರೆ. ಬುರುಜಿನ ಮೇಲೆ ಚಡ್ಡಿ ಒಣಹಾಕಿರುತ್ತಾರೆ. ಬಿಸಿಲು ಇಳಿಯುವಾಗ ಗೋಡೆಯೆಲ್ಲ ಹುರಿದ ಕಡಲೆಹಿಟ್ಟಿನ ಬಣ್ಣ. ಸಾಹುಕಾರರ ಹವೇಲಿಗಳಲ್ಲಿ ಕಲ್ಲನ್ನು ಜಾಲರಿ ಹೆಣೆದಂತೆ ಕೊರೆದಿದ್ದಾರೆ. ನಾನು ನೋಡಿದ್ದು ಕೆತ್ತನೆಗಿಂತ ಸಂದುಗಳನ್ನು. ಗಾರೆ ಇಲ್ಲ. ಒಂದು ಕಲ್ಲಿನ ಹಲ್ಲು ಇನ್ನೊಂದರ ಬಾಯಿಗೆ ಕೂತಿದೆ. ಕಾಕಾ ಬೆರಳಿಟ್ಟು ತೋರಿಸಿದರು. “ಬೇಕಾದರೆ ಬಿಚ್ಚಿಕೊಂಡು ಹೋಗಿ ಬೇರೆ ಕಡೆ ಕಟ್ಟಬಹುದು. ನೀರಿಲ್ಲದ ಊರಿನಲ್ಲಿ ಗಾರೆ ಕಲೆಸಲು ನೀರು ಯಾರು ಕೊಡುತ್ತಾರೆ?” ಈಗ ಮನೆಮನೆಗೆ ನಲ್ಲಿ ಬಂದು, ಆ ನೀರು ಸೋರಿ ಇಳಿದು ಕೋಟೆಯ ಬುಡವೇ ಮೆತ್ತಗಾಗುತ್ತಿದೆಯಂತೆ. ಶತ್ರುಗಳನ್ನು ತಡೆದ ಕೋಟೆಗೆ ಬಚ್ಚಲ ನೀರಿನ ಭಯ.

ಹವೇಲಿ ಕಟ್ಟಿಸಿದ ದುಡ್ಡು ಎಲ್ಲಿಂದ ಬಂತು ಎಂದು ಕೇಳಿದೆ. ಅದು ನಾನು ಎಲ್ಲಿ ಹೋದರೂ ಕೇಳುವ ಮೊದಲ ಪ್ರಶ್ನೆ. ಕಾಕಾ ಪಡುವಣದ ಕಡೆ ಕೈ ತೋರಿಸಿದರು. ಸಿಂಧ್‌ಗೆ, ಅದರಾಚೆಗೆ ಹೋಗುತ್ತಿದ್ದ ಒಂಟೆಯ ಸಾಲುಗಳಿಂದ. ಮುಂಬಯಿಗೆ ಹಡಗುಗಳು ಬಂದ ಮೇಲೆ ಒಂಟೆಯ ವ್ಯಾಪಾರ ಇಳಿಯಿತು, ದೇಶ ಒಡೆದ ಮೇಲೆ ನಿಂತೇಹೋಯಿತು. “ನನ್ನ ಅಜ್ಜಿಯ ತವರು ಆ ಕಡೆ. ಅವಳ ಕಾಲಕ್ಕೆ ಅದು ಪಕ್ಕದ ಊರು. ನನ್ನ ಕಾಲಕ್ಕೆ ಬೇಲಿ, ದೀಪ, ಮಿಲಿಟರಿ ಲಾರಿ,” ಎಂದರು. ಅವರ ದನಿಯಲ್ಲಿ ಗೋಳಿರಲಿಲ್ಲ, ರಸ್ತೆ ಎಲ್ಲಿ ಮುಚ್ಚಿದೆ ಎಂದು ಹೇಳುವವರ ದನಿ ಅದು.

ಕೊನೆಗೆ ಗಡೀಸರ್ ಕೆರೆಗೆ ಬಂದೆವು. ನಲ್ಲಿ ಬರುವ ಮುಂಚೆ ಊರಿಗೆಲ್ಲ ಇದೇ ನೀರು. ವರ್ಷಕ್ಕೊಮ್ಮೆ ಊರಿನವರೆಲ್ಲ ಸೇರಿ ಹೂಳು ಎತ್ತುತ್ತಿದ್ದರಂತೆ. ಡೋಲು, ಊಟ, ಹೊಸ ಬಟ್ಟೆ, ಥೇಟ್ ಹಬ್ಬ. ಮೊದಲ ಬುಟ್ಟಿ ಮಣ್ಣು ದೊರೆಯೇ ತಲೆಯ ಮೇಲೆ ಹೊರಬೇಕು. ಕೆರೆಯ ಬಾಯಿಗೆ ದೊಡ್ಡ ಕಮಾನು ಇದೆ. ಅದನ್ನು ಕಟ್ಟಿಸಿದವಳು ಒಬ್ಬ ನರ್ತಕಿ ಎಂದು ಕತೆ. ಇಂಥವಳು ಕಟ್ಟಿಸಿದ ಬಾಗಿಲ ಕೆಳಗೆ ರಾಣಿಯರು ನಡೆಯುವುದು ಹೇಗೆ ಎಂದು ದೊರೆ ಬೇಡವೆಂದನಂತೆ. ಅವನು ಊರಲ್ಲಿಲ್ಲದಾಗ ಕಟ್ಟಿ ಮುಗಿಸಿದಳು. ಕೆಡವಬಾರದು ಎಂದು ಕಮಾನಿನ ನೆತ್ತಿಯ ಮೇಲೊಂದು ಗುಡಿ ಇಟ್ಟಳು. ಗುಡಿಗೆ ಯಾರು ಕೈ ಹಚ್ಚುತ್ತಾರೆ? ಈಗಲೂ ಗಣಗೌರಿ ಹಬ್ಬದಲ್ಲಿ ಮೆರವಣಿಗೆ ಆ ಕೆರೆಗೇ ಬರುತ್ತದೆ ಎಂದರು ಕಾಕಾ. ಆ ಹೆಂಗಸಿನ ಬುದ್ಧಿ ನನಗೆ ತುಂಬಾ ಹಿಡಿಸಿತು.

ಅಮ್ಮಿ ಅಷ್ಟರಲ್ಲಿ ಮೆಟ್ಟಿಲಿಳಿದು ನೀರಿನ ಪಕ್ಕ ಕೂತುಬಿಟ್ಟಿದ್ದಳು. ಎಷ್ಟು ಕರೆದರೂ ಏಳಲಿಲ್ಲ. ಅಂಗೈ ಎರಡನ್ನೂ ತೊಡೆಯ ಮೇಲೆ ಮೇಲ್ಮುಖ ಮಾಡಿ ಇಟ್ಟುಕೊಂಡಿದ್ದಳು.

“ಏನಾಯ್ತು ಅಮ್ಮಿ? ಕಾಲು ನೋಯ್ತಾವಾ?”

“ನೈ, ಏನೂ ಆಗಿಲ್ಲ,” ಎಂದಳು. “ಕೊಡಾ ಇಲ್ದೆ ನೀರಿನ ಮುಂದ ಕುಂತಿದ್ದು ಇದೇ ಮೊದಲ ಬಾರಿ ಬೇಟಾ. ಹಿಂಗೂ ಕುಂದ್ರಬಹುದು ಅಂತ ಗೊತ್ತಿದ್ದಿಲ್ಲ.”

ನಾನೂ ಅವಳ ಪಕ್ಕ ಕೂತೆ. ಆ ಸಂಜೆ ನಾವು ಏನನ್ನೂ ಕೊಳ್ಳಲಿಲ್ಲ.

ಈಗ ನಮ್ಮ ಮನೆಗೆ ಬರೋಣ. ನಾವಿರುವ ಊರು ಒಂದು ಕಾಲಕ್ಕೆ ದೊಡ್ಡ ಕೆರೆಯ ತಳ. ಹಳಬರು ನೀರನ್ನೆಲ್ಲ ಪಂಪು ಹಾಕಿ ಹೊರಗೆ ಚೆಲ್ಲಿ, ತಳವನ್ನು ಹೊಲ ಮಾಡಿ, ಆಮೇಲೆ ಮನೆ ಕಟ್ಟಿದರು. ಇವತ್ತಿಗೂ ಪಂಪು ನಿಂತರೆ ನಾವು ಮುಳುಗುತ್ತೇವೆ. ಅದಕ್ಕೇ ಇಲ್ಲಿ ಮನೆಗಳ ಹಿಂದೆ ಸ್ಲೋಟ್ ಎಂಬ ಕಿರುಗಾಲುವೆಗಳಿವೆ. ಮಳೆಯ ನೀರೆಲ್ಲ ಅವುಗಳಲ್ಲೇ ಹರಿದು ಪಂಪಿಗೆ ಸೇರಬೇಕು. ದಡದಲ್ಲಿ ಮನೆ ಇದ್ದವರು ತಮ್ಮ ಪಾಲಿನ ಕಾಲುವೆಯನ್ನು ಪ್ರತಿ ಶರತ್ಕಾಲಕ್ಕೆ ತಾವೇ ಶುಚಿ ಮಾಡಬೇಕು. ಮಾಡಿದ್ದಾರೋ ಇಲ್ಲವೋ ಎಂದು ಜಲಮಂಡಳಿಯವರು ನಡೆದು ಬಂದು ನೋಡುತ್ತಾರೆ. ಈ ಕಾಟದಿಂದಲೇ ನಮ್ಮ ಮನೆ ಪಕ್ಕದ ಬೀದಿಯದಕ್ಕಿಂತ ಅಗ್ಗಕ್ಕೆ ಸಿಕ್ಕಿತು. ಕಾಟ ಇದ್ದಲ್ಲಿ ರಿಯಾಯಿತಿ ಇರುತ್ತದೆ. ನಾನು ಎರಡನ್ನೂ ತೆಗೆದುಕೊಂಡೆ.

ವೀಸಾದವರು ಅಮ್ಮಿಗೆ ಮೂರು ತಿಂಗಳು ಕೊಡುತ್ತಾರೆ. ಬೇಸಿಗೆಯಲ್ಲಿ ಬಂದವಳು ಮನೆಯೊಳಗೆ ನಿಲ್ಲುತ್ತಿರಲಿಲ್ಲ. ಹಿತ್ತಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದರೆ, “ಆಸ್ಪತ್ರಿದಾಗ ಕುಂತಂಗ ಆಗ್ತದ,” ಎಂದು ಎದ್ದುಬಿಡುತ್ತಿದ್ದಳು. ಕಾಲುವೆಯ ದಡ ಕಡಿದಾಗಿತ್ತು. ಅವಳು ಮೇಲೆ ನಿಂತು ನೀರನ್ನು ನೋಡುವಳು, ಒಳಗೆ ಬರುವಳು, ಇನ್ನೂ ನಲವತ್ತು ಚಪಾತಿ ಲಟ್ಟಿಸಲೇ ಎಂದು ಕೇಳುವಳು. ಹೋದ ವರ್ಷ ಅವಳು ಬರುವ ಮುಂಚೆ ನಾನು ಒಡೆದ ಮೂಲೆಯ ಹಳದಿ ಚಪ್ಪಡಿಗಳನ್ನು ತಂದು, ಕಾಕಾ ತೋರಿಸಿದ ಹಾಗೆ ಹಲ್ಲು-ಬಾಯಿ ಕೂರಿಸಿ, ಸಿಮೆಂಟಿಲ್ಲದೆ ಮೆಟ್ಟಿಲು ಕಟ್ಟಿದೆ. ತೋಟದ ನೆಲ ಹಾಳಾಗಬಾರದು ಎಂದು ಮೆಟ್ಟಿಲನ್ನು ದಡದಿಂದ ಮುಂದಕ್ಕೆ, ನೀರಿನೊಳಗೇ ಚಾಚಿದೆ.

ಗಂಡ ಬೆಂಗಳೂರಿನವರು, ನಿಯಮದ ಮನುಷ್ಯ. ಬಾಗಿಲಲ್ಲಿ ನಿಂತು ಕೇಳಿದರು: “ಪರ್ಮಿಷನ್ ತಗೊಂಡ್ಯಾ?”

“ನಮ್ಮ ಹಿತ್ತಲು, ನಮ್ಮ ಕಲ್ಲು.”

“ನೀರು ಯಾರ್ದಮ್ಮಾ?”

ನಾನು ಅವರ ಕೈಗೆ ಚಹಾ ಕೊಟ್ಟೆ.

ಅಮ್ಮಿ ಬಂದಳು. ಮೆಟ್ಟಿಲನ್ನು ನೋಡಿ, ಚಪ್ಪಲಿ ಬಿಟ್ಟು ಇಳಿದಳು. ಅಂದಿನಿಂದ ಅದು ಅವಳ ಮನೆ. ಮೆಂತ್ಯ ಬಿಡಿಸುವುದು ಅಲ್ಲಿ, ತಸ್ಬಿಯ ಜಪಮಣಿ ಎಣಿಸುವುದು ಅಲ್ಲಿ, ಕಲಬುರಗಿಯ ತಂಗಿಗೆ ವಿಡಿಯೋ ಕಾಲ್ ಮಾಡಿ ನೀರು ತೋರಿಸಿ ಹೊಟ್ಟೆ ಉರಿಸುವುದೂ ಅಲ್ಲಿಯೇ. ಒಂದು ಜೋಡಿ ಕರಿಯ ನೀರುಹಕ್ಕಿಗಳು ಮೆಟ್ಟಿಲಿನ ಕೆಳಮೂಲೆಯಲ್ಲಿ ಕಡ್ಡಿ ತಂದು ಹಾಕತೊಡಗಿದವು. ಕಸ ಎಂದು ನಾನು ತೆಗೆಯಲು ಹೋದರೆ ಅಮ್ಮಿ ಕೈಗೆ ಹೊಡೆದಳು.

ಎದುರು ದಡದಲ್ಲಿ ಒಬ್ಬ ಹಿರಿಯ ಡಚ್ಚರಿದ್ದಾರೆ, ಹಲಗೆಯ ಚಪ್ಪಟೆ ದೋಣಿಯೊಂದನ್ನು ಇಟ್ಟುಕೊಂಡಿದ್ದಾರೆ. ಒಂದು ದಿನ ಸುತ್ತಿಕೊಂಡು ಬಂದು ಬೆಲ್ ಒತ್ತಿ, ಒಳಗೆ ಕರೆದರೂ ಬಾರದೆ ಹೊಸಿಲಲ್ಲೇ ನಿಂತು ಹೇಳಿದರು: “ನಿಮ್ಮ ಮೆಟ್ಟಿಲಿನಿಂದ ಕಾಲುವೆ ಕಿರಿದಾಗಿದೆ. ಜೋರು ಮಳೆ ಬಂದಾಗ ನೀರು ಎದ್ದು ನನ್ನ ಹುಲ್ಲಿಗೆ ಬರುತ್ತಿದೆ. ಜಲಮಂಡಳಿಗೆ ತಿಳಿಸಿದ್ದೇನೆ. ಬೆನ್ನ ಹಿಂದೆ ಮಾಡುವುದು ಬೇಡ ಅಂತ ನಿಮಗೂ ಹೇಳಲು ಬಂದೆ.” ನಮ್ಮೂರಲ್ಲಾದರೆ ಮೊದಲು ನಾಲ್ಕು ಮನೆಗೆ ಹೇಳಿ, ಐದನೆಯದಾಗಿ ನಮ್ಮ ಕಿವಿಗೆ ಬರುತ್ತಿತ್ತು. ನನಗೆ ಸಿಟ್ಟು ಬಂತು. ಆ ಸಿಟ್ಟಿನ ಪಕ್ಕದಲ್ಲೇ, ಈ ಮನುಷ್ಯನ ಜೊತೆ ವ್ಯಾಪಾರ ಮಾಡಬಹುದು ಎಂದೂ ಅನಿಸಿತು.

ಮುಂದಿನ ವಾರ ಜಲಮಂಡಳಿಯಿಂದ ಎತ್ತರದ ಬೂಟು ಹಾಕಿದ ಹುಡುಗಿಯೊಬ್ಬಳು ಅಳತೆ ಕೋಲು ಹಿಡಿದು ಬಂದಳು. ನೀರಿಗಿಳಿದು ಅಳೆದಳು, ಮೇಲೆ ಬಂದಳು. “ಕಲ್ಲು ಚೆನ್ನಾಗಿದೆ,” ಎಂದಳು. “ತೆಗೆಯಬೇಕು.”

“ಎಲ್ಲವನ್ನೂ?”

“ಎಲ್ಲವನ್ನೂ. ಶರತ್ಕಾಲದ ತಪಾಸಣೆಗೆ ಮುಂಚೆ.”

ಅಮ್ಮಿಗೆ ಡಚ್ ಬರುವುದಿಲ್ಲ. ಆದರೆ ಅಳತೆ ಕೋಲು ಹಿಡಿದವರ ಮುಖ ಓದಲು ಬರುತ್ತದೆ. ಮೆಂತ್ಯದ ಪುಟ್ಟಿ ಎತ್ತಿಕೊಂಡು ಮೆಲ್ಲಗೆ ಎದ್ದಳು. “ತೆಗೀರಿ ಅಂದ್ರೆ ತೆಗೀರಿ ಬೇಟಾ. ಪರದೇಶದಾಗ ನನ್ನ ಸಲುವಾಗಿ ಜಗಳ ನಕ್ಕೋ. ನಾ ಕುರ್ಚಿ ಮ್ಯಾಲೆ ಕುಂದ್ರತೀನಿ.” ಆ ಕುರ್ಚಿಯ ಮಾತು ನನಗೆ ತಡೆಯಲಾಗಲಿಲ್ಲ. ಮುಂದಿನ ವರ್ಷ ಬಾ ಎಂದರೆ ಮಂಡಿನೋವು, ಚಳಿ, ಟಿಕೆಟ್ಟಿನ ಖರ್ಚು ಎಂದು ಏನಾದರೊಂದು ನೆವ ಹೇಳುತ್ತಾಳೆ, ಇನ್ನು ಬರುವುದಿಲ್ಲ ಎಂದು ಆ ಕ್ಷಣಕ್ಕೇ ಗೊತ್ತಾಯಿತು.

ಅಷ್ಟರಲ್ಲಿ ಹುಡುಗಿ ಬಗ್ಗಿ ನೋಡಿ, ದನಿ ತಗ್ಗಿಸಿ, “ಓ, ಇಲ್ಲಿ ಗೂಡಿದೆ,” ಎಂದಳು. ಕಡ್ಡಿಗಳ ನಡುವೆ ಕರಿಯ ಹಕ್ಕಿ ಮೊಟ್ಟೆಯ ಮೇಲೆ ಕೂತು ನಮ್ಮನ್ನೇ ದುರುಗುಟ್ಟಿ ನೋಡುತ್ತಿತ್ತು. ಮೊಟ್ಟೆಯಿಟ್ಟ ಗೂಡನ್ನು ಈ ದೇಶದಲ್ಲಿ ಮುಟ್ಟುವಂತಿಲ್ಲ, ಕಾನೂನು. “ಮರಿಗಳು ಬಿಟ್ಟು ಹೋಗುವವರೆಗೆ ಒಂದು ಕಲ್ಲನ್ನೂ ಅಲುಗಿಸಬೇಡಿ,” ಎಂದು ಹೇಳಿ ಹೋದಳು.

ನಾನು ಅಮ್ಮಿಗೆ ಅರ್ಥ ಹೇಳಿದೆ. ಅವಳು ಹಕ್ಕಿಯ ಹಣೆಯ ಮೇಲಿನ ಬಿಳಿ ಪಟ್ಟಿಯ ಕಡೆ ಬೆರಳು ತೋರಿಸಿ ನಗತೊಡಗಿದಳು. “ನೋಡು, ನಾಮಾ ಹಚ್ಕೊಂಡು ಕುಂತದ. ಜೈಸಲ್ಮೇರಿನ ಆ ಹೆಣ್ಣುಮಗಳು ಕಮಾನಿನ ಮ್ಯಾಲೆ ಗುಡಿ ಕಟ್ಟಿದ್ಳಲ್ಲ? ನಿನ್ನ ಗುಡಿ ತಾನೇ ಹಾರಿ ಬಂದದ!” ನಮ್ಮ ಕಡೆ ಆ ಹಕ್ಕಿಯನ್ನು ನಾಮದ ಕೋಳಿ ಎಂದೇ ಕರೆಯುತ್ತಾರೆ. ನನ್ನ ಜೀವನದಲ್ಲಿ ನಾನು ಪಡೆದ ವಾಯಿದೆಗಳಲ್ಲೆಲ್ಲ ಪೂರಾ ಪುಕ್ಕಟೆಯದು ಆ ಹಕ್ಕಿ ಕೊಟ್ಟದ್ದು.

ಆದರೆ ವಾಯಿದೆ ಎಂದರೆ ಮಾಫಿ ಅಲ್ಲ. ಹಕ್ಕಿ ಕಾವು ಕೂತಿದ್ದಷ್ಟು ದಿನ ನಾನು ಯೋಚಿಸಿದೆ. ಗಡೀಸರ್‌ನಲ್ಲಿ ತೆಗೆದ ಫೋಟೋಗಳನ್ನು ತಿರುವಿ ನೋಡಿದೆ. ಆಗ ಕಂಡಿತು. ಅಲ್ಲಿನ ಮೆಟ್ಟಿಲುಗಳು ನೀರಿನೊಳಗೆ ಚಾಚಿಲ್ಲ, ದಡವನ್ನು ಕೊರೆದು ಹಿಂದಕ್ಕೆ ಹೋಗಿವೆ. ನೀರಿಲ್ಲದ ಊರಿನವರು ನೀರಿನಿಂದ ಒಂದು ಗೇಣನ್ನೂ ಕಿತ್ತುಕೊಂಡಿರಲಿಲ್ಲ, ನೆಲವನ್ನೇ ಬಿಟ್ಟುಕೊಟ್ಟಿದ್ದರು. ಕೆರೆಯ ತಳದಲ್ಲಿ ಮನೆ ಮಾಡಿಕೊಂಡ ನಾನು ಒಂದು ಮೆಟ್ಟಿಲಿನ ನೆಲ ಉಳಿಸಲು ಹೋಗಿದ್ದೆ.

ಹುಡುಗಿಗೆ ಫೋನ್ ಮಾಡಿ ಕರೆಸಿದೆ. “ನಾನು ಒಂದು ಮೀಟರ್ ನೀರು ತೆಗೆದುಕೊಂಡಿದ್ದೇನೆ. ಎರಡು ಮೀಟರ್ ವಾಪಸ್ ಕೊಡುತ್ತೇನೆ. ಮೆಟ್ಟಿಲನ್ನು ನನ್ನ ತೋಟದೊಳಕ್ಕೆ ಸರಿಸುತ್ತೇನೆ. ಆಗ?”

ಅವಳು ನನ್ನನ್ನು ನೋಡಿದಳು. “ಜನ ಕಡಿಮೆ ಮಾಡಿ ಎಂದು ಕೇಳುತ್ತಾರೆ. ಹೆಚ್ಚು ಕೊಡುತ್ತೇನೆ ಎಂದವರು ನೀವೇ ಮೊದಲು.”

“ನನಗೂ ಮೊದಲೇ. ಬೇಗ ಒಪ್ಪಿಕೊಳ್ಳಿ, ಮನಸ್ಸು ಬದಲಾದೀತು.”

ಕಚೇರಿಯಲ್ಲಿ ಕೇಳಿ ಬಂದಳು. ದಡ ಕುಸಿಯದಂತೆ ಮರದ ಹಲಗೆ ಬಡಿಯಬೇಕು, ಬಗೆದ ಮಣ್ಣು ಕಾಲುವೆಗೆ ಬೀಳಬಾರದು, ಈ ಷರತ್ತುಗಳ ಮೇಲೆ ಒಪ್ಪಿಗೆ ಸಿಕ್ಕಿತು. ಅಮ್ಮಿ ಹೊರಡುವ ಮುಂಚೆ ಮುಗಿಯಬೇಕು ಎಂಬುದು ನನ್ನ ಷರತ್ತು. ಅದು ಹಕ್ಕಿಯ ಕೈಯಲ್ಲಿತ್ತು. ಅಮ್ಮಿ ದಿನಾ ಬೆಳಿಗ್ಗೆ ಹೋಗಿ ಮರಿಗಳಿಗೆ ಬೈಯುತ್ತಿದ್ದಳು: “ಏ, ದೊಡ್ಡವಾದ್ರಿ, ಏಳ್ರಿ ಸಾಕು. ಅಮ್ಮನ ಮನ್ಯಾಗ ಎಷ್ಟು ದಿನ ಕುಂದ್ರತೀರಿ?” ವೀಸಾ ಮುಗಿಯಲು ವಾರವಿದೆ ಎನ್ನುವಾಗ ಗೂಡು ಖಾಲಿಯಾಯಿತು.

ಆ ಶನಿವಾರ ನಮ್ಮ ಹಿತ್ತಲಿನಲ್ಲಿ ಜಾತ್ರೆ. ಡೆಲ್ಫ್ಟ್‌ನಲ್ಲಿ ಓದುವ ನಮ್ಮ ಕಡೆಯ ನಾಲ್ಕೈದು ಹುಡುಗ ಹುಡುಗಿಯರು ಬಿರಿಯಾನಿಯ ಮಾತಿಗೆ ರೈಲು ಹತ್ತಿ ಬಂದರು. ಎದುರು ದಡದ ಹಿರಿಯರಿಗೂ ಹೇಳಿದ್ದೆ. ಅವರು ಆ ಚಪ್ಪಟೆ ದೋಣಿಯನ್ನು ತಳ್ಳಿಕೊಂಡು ಬಂದು, “ಮಣ್ಣು ಇದರಲ್ಲಿ ಹಾಕಿ, ನನ್ನ ತರಕಾರಿ ಮಡಿಗೆ ಬೇಕು,” ಎಂದರು. ದೂರು ಕೊಟ್ಟವರೇ ಸಾಗಾಣಿಕೆಯ ಖರ್ಚು ಉಳಿಸಿಕೊಟ್ಟರು. ಮೊದಲ ಬುಟ್ಟಿ ಮಣ್ಣು ಯಾರು ಹೊರಬೇಕು ಎಂದು ನಾನು ಜೈಸಲ್ಮೇರಿನ ದೊರೆಯ ಕತೆ ಹೇಳಿದೆ. ಎಲ್ಲರೂ ಅಮ್ಮಿಯ ಕಡೆ ತಿರುಗಿದರು.

“ನಕ್ಕೋ ನಕ್ಕೋ, ನಾ ಎಲ್ಲಿ ದೊರಿ,” ಎನ್ನುತ್ತಲೇ ಸೆರಗು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡಳು. ಕೊಡ ಹೊತ್ತ ತಲೆ, ಮರೆತಿರಲಿಲ್ಲ. ಕೈ ಬಿಟ್ಟು ನಡೆದಳು. ಹಿರಿಯರು ದೋಣಿಯಲ್ಲಿ ಎದ್ದು ನಿಂತು ಬುಟ್ಟಿಯನ್ನು ಎರಡೂ ಕೈಯಿಂದ ಇಳಿಸಿಕೊಂಡರು. ಗಾರೆ ಇಲ್ಲದ ಮೆಟ್ಟಿಲು ಹಲ್ಲು ಬಿಟ್ಟು ಕಳಚಿತು. ಒಂದು ಕಲ್ಲೂ ಒಡೆಯದೆ, ಸಂಜೆಯ ಹೊತ್ತಿಗೆ ಹಿಂದೆ ಸರಿದು ಮತ್ತೆ ಕೂತಿತು. ನೀರು ತಾನಾಗಿ ಒಳಗೆ ಬಂದು ಕೆಳಗಿನ ಕಲ್ಲನ್ನು ಮುಟ್ಟಿತು. ಅಮ್ಮಿ ಕೂತಳು, ಅಂಗೈ ಮೇಲ್ಮುಖ ಮಾಡಿದಳು. “ಮೊದಲಿಗಿಂತ ಅಗಲಾಗ್ಯದ,” ಎಂದಳು. “ಮುಂದಿನ ವರ್ಷ ನಿನ್ನ ಚಿಕ್ಕಮ್ಮನ್ನೂ ಕರ್ಕೊಂಡು ಬರ್ತೀನಿ.”

ಈ ಬೇಸಿಗೆ ಇಬ್ಬರೂ ಬಂದು ಹೋದರು. ಹಕ್ಕಿಗಳೂ ಬಂದಿದ್ದವು. ಕಾಕಾಗೆ ಫೋಟೋ ಕಳಿಸಿದೆ. ಅವರ ಒಡೆದ ಕಲ್ಲಿಗೆ, ಎದುರು ದಡದವರ ನೇರ ಮಾತಿಗೆ, ಅಳತೆ ಕೋಲಿನ ಹುಡುಗಿಗೆ, ನಾಮದ ಕೋಳಿಗೆ ನಾನು ಕೃತಜ್ಞಳು. ಇವರಲ್ಲಿ ಒಬ್ಬರು ಕಡಿಮೆಯಾಗಿದ್ದರೂ ಆ ಕುರ್ಚಿಯೇ ಗತಿಯಾಗುತ್ತಿತ್ತು.

ನೀವು ಕೇಳದಿದ್ದರೂ ಕೆಲವು ಮಾತು ಹೇಳುತ್ತೇನೆ, ಇದಕ್ಕೂ ದರ ಇಲ್ಲ. ಜೈಸಲ್ಮೇರಿಗೆ ಹೋಗುವುದಾದರೆ ಮರಳು ಹಬ್ಬ ಮುಗಿದ ಮಾರನೆಯ ವಾರ ಹೋಗಿ. ಹಾಡುವವರು ಅಲ್ಲೇ ಇರುತ್ತಾರೆ, ಬಾಡಿಗೆ ಇಳಿದಿರುತ್ತದೆ. ಹಾಡಿದವರ ಹತ್ತಿರ ಮಾತ್ರ ಚೌಕಾಸಿ ಮಾಡಬೇಡಿ. ಕೋಟೆಯೊಳಗೆ ತಂಗುವ ಆಸೆ ಬಿಟ್ಟು ಕೆಳಗೆ ಉಳಿಯಿರಿ, ನಿಮ್ಮ ಸ್ನಾನದ ನೀರಾದರೂ ಅದರ ಬುಡಕ್ಕೆ ಇಳಿಯದಿರಲಿ. ಹಳದಿ ಕಲ್ಲು ಕೊಳ್ಳುವವರು ಪಾಲಿಶ್ ಮಾಡಿದ್ದನ್ನು ಹಾಲೆಂಡಿಗೆ ತರಬೇಡಿ. ಒಂದೇ ಚಳಿಗಾಲಕ್ಕೆ ಪಾಚಿ ಕಟ್ಟಿ ಜಾರುತ್ತದೆ. ಒರಟು ಮೈಯದು ತನ್ನಿ, ದಪ್ಪ ಇರಲಿ, ತಿಂಗಳಿಗೊಮ್ಮೆ ಕಡ್ಡಿ ಪೊರಕೆಯಲ್ಲಿ ತಿಕ್ಕಿ. ಇಲ್ಲಿ ಕಾಲುವೆ ಪಕ್ಕದ ಮನೆ ಸಿಕ್ಕರೆ ಹೆದರದೆ ಕೊಳ್ಳಿ, ಕಾಟಕ್ಕೆ ರಿಯಾಯಿತಿ ಕೇಳಿ, ಆದರೆ ಒಂದು ಕಲ್ಲು ಇಡುವ ಮುಂಚೆ ಜಲಮಂಡಳಿಯನ್ನೂ ಎದುರು ದಡವನ್ನೂ ಕೇಳಿ. ಮತ್ತೆ, ಮೆಟ್ಟಿಲು ಕಟ್ಟಿಸುವಾಗ ಮೊದಲು ಅಳೆಯಬೇಕಾದದ್ದು ದಡವನ್ನಲ್ಲ. ಅದರ ಮೇಲೆ ಕೂರುವವರನ್ನು ಬೇರೆ ಬೇರೆ ಎತ್ತರದ ಕಲ್ಲುಗಳ ಮೇಲೆ ಕೂರಿಸಿ, ಯಾರ ಕೈಯನ್ನೂ ಹಿಡಿಯದೆ ಎದ್ದೇಳಲು ಹೇಳಿ. ಎಷ್ಟು ಎತ್ತರದಿಂದ ಅವರು ಸಲೀಸಾಗಿ ಎದ್ದರೋ, ಮೆಟ್ಟಿಲಿನ ಎತ್ತರ ಅಷ್ಟಿರಲಿ.